ಕರ್ತವ್ಯಪ್ರಶಂಸೆಯೂ ಋಣವಿಮೋಚನೆಯೂ

ಪರರ ಕರ್ತವ್ಯನಿಷ್ಠೆಯನ್ನು ಕೊಂಡಾಡುವುದಕ್ಕಿಂತ ಸುಲಭವಾದ ಪುಣ್ಯಕಾರ್ಯ ಲೋಕದಲ್ಲಿ ಮತ್ತೊಂದಿಲ್ಲ. ಅದಕ್ಕೆ ಧನವ್ಯಯವಿಲ್ಲ, ದೇಹಾಯಾಸವಿಲ್ಲ. ಮೇಲಾಗಿ ಕೊಂಡಾಡಿದವನಿಗೂ ಆ ಪುಣ್ಯದಲ್ಲಿ ಕಿಂಚಿತ್ ಪಾಲು ದೊರೆತಂತೆ ತೋರುವುದು. ಶಾಲೆಗಳ ವಾರ್ಷಿಕೋತ್ಸವಗಳಲ್ಲಿಯೂ ಸಂಘಗಳ ಸಭೆಗಳಲ್ಲಿಯೂ ಕರ್ತವ್ಯವನ್ನು ಕುರಿತು ಉಪನ್ಯಾಸ ಮಾಡುವ ಮಹಾಶಯರು ಎತ್ತಿಕೊಳ್ಳುವ ದೃಷ್ಟಾಂತಗಳಲ್ಲಿ ಟೈಟಾನಿಕ್ ಹಡಗಿನ ವಾದ್ಯಗಾರರ ಕಥೆಯೂ ಒಂದು. 1997ರಲ್ಲಿ ಬಂದ ಚಲಚ್ಚಿತ್ರದಿಂದ ಆ ಕಥೆ ಮಕ್ಕಳಿಗೂ ಪರಿಚಿತವಾಗಿದೆ. ಹಡಗು ಮುಳುಗುತ್ತಿದ್ದಿತು, ವಾದ್ಯಗಾರರು ತಮ್ಮ ಪ್ರಾಣವನ್ನು ಲೆಕ್ಕಿಸದೆ ನುಡಿಸುತ್ತಲೇ ಇದ್ದರು, ನೀರು ಬಂದು ನಾದವನ್ನು ನುಂಗಿತು. ಉಪನ್ಯಾಸಕರು ಇಲ್ಲಿಗೆ ನಿಲ್ಲಿಸುವರು, ಸಭಿಕರು ಚಪ್ಪಾಳೆ ತಟ್ಟುವರು, ಮಂಗಳವಾಗುವುದು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದರ ಉತ್ತರಾರ್ಧವು ಹದಿನೈದು ದಿನಗಳ ತರುವಾಯ, ಒಂದು ಲಕೋಟೆಯೊಳಗೆ, ಸ್ಕಾಟ್ಲೆಂಡಿನ ಡಂಫ್ರೀಸ್ ಎಂಬ ಊರಿನ ಒಂದು ಮನೆಗೆ ಬಂದಿತು. ಪೂರ್ವಾರ್ಧವನ್ನು ಮಾತ್ರ ಹೇಳಿ ಉತ್ತರಾರ್ಧವನ್ನು ಬಿಡುವುದರಿಂದ ಕರ್ತವ್ಯವೆಂಬ ಶಬ್ದದ ಅರ್ಥವೇ ಅರ್ಧವಾಗಿ ಹೋಗುತ್ತಿದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ವೃತ್ತಾಂತವನ್ನು ಸಂಗ್ರಹವಾಗಿ ನೋಡಬಹುದು. 1912ನೆಯ ಇಸವಿ ಏಪ್ರಿಲ್ 14ರ ರಾತ್ರಿ 11 ಗಂಟೆ 40 ನಿಮಿಷಕ್ಕೆ ಟೈಟಾನಿಕ್ ನೌಕೆ ಅಟ್ಲಾಂಟಿಕ್ ಸಾಗರದಲ್ಲಿ ಹಿಮಗಡ್ಡೆಗೆ ತಾಗಿ, ಮರುದಿನ ಬೆಳಗಿನ ಜಾವ 2 ಗಂಟೆ 20 ನಿಮಿಷಕ್ಕೆ ಮುಳುಗಿತು. ಹಡಗಿನಲ್ಲಿದ್ದವರು ಸುಮಾರು 2,200 ಮಂದಿ. ಸತ್ತವರು ಸುಮಾರು 1,500 ಮಂದಿ. ಪ್ರಾಣರಕ್ಷಣೆಯ ದೋಣಿಗಳು 20. ಅವುಗಳಲ್ಲಿದ್ದ ಸ್ಥಳ 1,178 ಜನಕ್ಕೆ. ಇಂಗ್ಲೆಂಡ್ ಸ್ಕಾಟ್ಲೆಂಡುಗಳಲ್ಲಿ ಈ ವಾರ್ತೆಯಿಂದ ಶೋಕ ತಟ್ಟದ ಊರು ವಿರಳವಾಗಿದ್ದಿತು.

ಆ ಹಡಗಿನಲ್ಲಿ ಎಂಟು ಮಂದಿ ವಾದ್ಯಗಾರರಿದ್ದರು. ಐವರದು ಒಂದು ಮೇಳ, ಮೂವರದು ಮತ್ತೊಂದು. ಮೇಳದ ನಾಯಕನು ವಾಲೇಸ್ ಹಾರ್ಟ್ಲಿ. ಲ್ಯಾಂಕಷೈರಿನ ಕೋಲ್ನ್ ಎಂಬ ಊರಿನವನು, ಮೂವತ್ತಮೂರು ವರ್ಷದವನು. ಪಿಟೀಲುಗಾರರಲ್ಲಿ ಒಬ್ಬನು ಜಾನ್ ಹ್ಯೂಮ್. ಇಪ್ಪತ್ತೊಂದು ವರ್ಷದ ತರುಣ, ಮನೆಯಲ್ಲಿ ಜಾಕ್ ಎಂದು ಕರೆಯಿಸಿಕೊಳ್ಳುತ್ತಿದ್ದವನು. ಅವನ ತಂದೆ ಆಂಡ್ರೂ ಹ್ಯೂಮ್ ಡಂಫ್ರೀಸಿನಲ್ಲಿ ಸಂಗೀತ ಕಲಿಸುತ್ತ, ಪಿಟೀಲುಗಳನ್ನು ಮಾಡುತ್ತ ಜೀವಿಸುತ್ತಿದ್ದನು. ಅಪಘಾತವಾದ ಮೇಲೆ ಎಂಟು ಮಂದಿಯೂ ಒಟ್ಟಿಗೆ ಸೇರಿ ನುಡಿಸಿದರೆಂದು ಬದುಕಿ ಬಂದವರು ಸಾಕ್ಷ್ಯ ಹೇಳಿದ್ದಾರೆ. ಕಡೆಯ ರಾಗ ಯಾವುದೆಂಬ ವಿವಾದ ಇಂದಿಗೂ ಮುಗಿದಿಲ್ಲ. ಎಂಟು ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲವೆಂಬುದರಲ್ಲಿ ವಿವಾದವಿಲ್ಲ.

ಇವರು ಯಾರ ಸೇವಕರು ಎಂಬ ಪ್ರಶ್ನೆ ಮುಂದಿನ ಅನರ್ಥಕ್ಕೆಲ್ಲ ಮೂಲವಾದುದರಿಂದ ಅದನ್ನು ತಿಳಿಯುವುದು ಅಗತ್ಯ. ಹಿಂದೆ ನೌಕಾಸಂಸ್ಥೆಗಳೇ ವಾದ್ಯಗಾರರನ್ನು ನೇಮಿಸಿಕೊಂಡು ತಿಂಗಳಿಗೆ 6 ಪೌಂಡು 10 ಷಿಲಿಂಗುಗಳ ಸಂಬಳವನ್ನೂ ಉಡುಪಿನ ಭತ್ಯವನ್ನೂ ಕೊಡುತ್ತಿದ್ದುವು. ಆಮೇಲೆ ಲಿವರ್‌ಪೂಲಿನ ಬ್ಲ್ಯಾಕ್ ಸಹೋದರರೆಂಬ ದಲ್ಲಾಳಿಗಳು ಮುಖ್ಯವಾದ ನೌಕಾಸಂಸ್ಥೆಗಳಿಗೆಲ್ಲ ತಾವೇ ವಾದ್ಯಗಾರರನ್ನು ಒದಗಿಸುವ ಗುತ್ತಿಗೆಯನ್ನು ಹಿಡಿದರು. ಸಂಬಳ 4 ಪೌಂಡಿಗೆ ಇಳಿಯಿತು. ಉಡುಪಿನ ಭತ್ಯ ನಿಂತುಹೋಯಿತು. ಟೈಟಾನಿಕ್ ಹಡಗಿನಲ್ಲಿ ಈ ಎಂಟು ಮಂದಿ ಎರಡನೆಯ ತರಗತಿಯ ಪ್ರಯಾಣಿಕರೆಂದು ಬರೆಯಲ್ಪಟ್ಟಿದ್ದರು. ಎಂಟು ಮಂದಿಗೂ ಸೇರಿ ಒಂದೇ ಟಿಕೇಟು. ನುಡಿಸುವಾಗ ಹಡಗಿನ ಸಂಸ್ಥೆಯ ಗುಂಡಿಗಳನ್ನು ಹೊಲಿದ ಅಂಗಿ, ಲೆಕ್ಕದ ಪುಸ್ತಕದಲ್ಲಿ ಪ್ರಯಾಣಿಕರ ಹೆಸರು, ಸಂಬಳ ಮೂರನೆಯವರ ಕೈಯಿಂದ. ಇಂಥ ವ್ಯವಸ್ಥೆಯಲ್ಲಿ ಕೆಲಸ ಮಾಡಿಸಿಕೊಳ್ಳುವುದಕ್ಕೆ ಎಲ್ಲರೂ ಒಡೆಯರು. ಹೊಣೆ ಹೊರುವ ಸಮಯ ಬಂದಾಗ ಒಡೆಯರು ಯಾರೂ ಇಲ್ಲ.

ಮರಣಾನಂತರ ಇವರಿಗೆ ಸಂದ ಸ್ತುತಿ ಅಪಾರವಾದುದು. ಮೇ 18ರಂದು ಕೋಲ್ನ್ ಊರಿನಲ್ಲಿ ಹಾರ್ಟ್ಲಿಯ ಶವಯಾತ್ರೆಯನ್ನು ನೋಡಲು ಬೀದಿಗಳಲ್ಲಿ ನೆರೆದವರು 30,000ಕ್ಕೆ ಕಡಿಮೆಯಿರಲಿಲ್ಲ. ಮೇ 24ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಸುಮಾರು 500 ಮಂದಿ ವಾದ್ಯಗಾರರು ಕಲೆತು ಸ್ಮಾರಕ ಗೋಷ್ಠಿ ನಡೆಸಿದರು. ಎಡ್ವರ್ಡ್ ಎಲ್ಗರ್ ಮೊದಲಾದ ವಿದ್ವಾಂಸರು ಅದನ್ನು ನಿರ್ದೇಶಿಸಿದರು. ಈ ಗೋಷ್ಠಿಯ ಉತ್ಪನ್ನ ಸತ್ತವರ ಕುಟುಂಬಗಳಿಗೆಂದು ಮೀಸಲಾಗಿದ್ದುದರಿಂದ ಈ ಸಹವೃತ್ತಿಯವರನ್ನು ಬರಿಯ ಸ್ತುತಿಪಾಠಕರ ಪಂಕ್ತಿಯಲ್ಲಿ ಕೂರಿಸುವುದು ಅನ್ಯಾಯವಾದೀತು. ಡಂಫ್ರೀಸಿನ ಡಾಕ್ ಉದ್ಯಾನದಲ್ಲಿ ಹ್ಯೂಮನಿಗೂ, ಅದೇ ಊರಿನವನಾಗಿ ಅದೇ ಹಡಗಿನಲ್ಲಿ ಪರಿಚಾರಕನಾಗಿದ್ದ ಥಾಮಸ್ ಮಲಿನ್ ಎಂಬವನಿಗೂ 1913ರಲ್ಲಿ ಶಿಲಾಸ್ತಂಭವೆದ್ದಿತು.

ಇನ್ನು ಆ ಲಕೋಟೆಯ ವಿಷಯ. 1912ರ ಏಪ್ರಿಲ್ 30ರಂದು ಬ್ಲ್ಯಾಕ್ ಸಹೋದರರು ಆಂಡ್ರೂ ಹ್ಯೂಮನಿಗೆ ಒಂದು ಪತ್ರ ಬರೆದರು. ಮಗನ ಮರಣಕ್ಕೆ ಸಂತಾಪ ಸೂಚಿಸುವುದು ಅದರ ಪ್ರಯೋಜನವಾಗಿರಲಿಲ್ಲ. ಮೃತನಿಂದ ತಮಗೆ ಬರಬೇಕಾದ ಬಾಕಿಯನ್ನು ತಂದೆ ಕಳುಹಿಸಿಕೊಡಬೇಕೆಂದೂ, ಜೊತೆಗೆ ಇಟ್ಟಿರುವ ಉಡುಪಿನ ಲೆಕ್ಕವನ್ನು ಚುಕ್ತಾ ಮಾಡಬೇಕೆಂದೂ ಅದರ ತಾತ್ಪರ್ಯ. ಉಡುಪಿನ ಲೆಕ್ಕ 14 ಷಿಲಿಂಗು 7 ಪೆನ್ನಿ. ಅದರೊಳಗೆ ಅಂಗಿಯ ಮೇಲಿನ ವೀಣಾಕಾರದ ಲಾಂಛನದ ಬೆಲೆಯೂ, ನೌಕಾಸಂಸ್ಥೆಯ ಗುಂಡಿಗಳನ್ನು ಹೊಲಿದ ಕೂಲಿಯೂ ಸೇರಿದ್ದುವು. 4 ಪೌಂಡಿನ ಮಾಸಿಕ ಸಂಬಳದ ಆರನೆಯ ಒಂದು ಪಾಲಿಗಿಂತ ಇದು ಹೆಚ್ಚು. ಸಂಬಳವಾದರೋ, ಹಡಗು ಮುಳುಗಿದ ಗಳಿಗೆಗೇ ನಿಂತುಹೋಗಿದ್ದಿತು. ಏಪ್ರಿಲ್ 15ರ ಬೆಳಗಿನ ಜಾವದವರೆಗೆ ಮಾತ್ರ ಅವನು ದುಡಿದವನು. ಗುಂಡಿಗಳ ಸಾಲ ಮಾತ್ರ ಆ ಗಳಿಗೆಯನ್ನು ದಾಟಿ ಬದುಕಿ ಉಳಿದಿದ್ದಿತು.

ವಾಚಕರು ದಿನಾಂಕವನ್ನು ಗಮನಿಸಬೇಕು. ಸಮುದ್ರದಲ್ಲಿ ಶವಗಳನ್ನು ಹುಡುಕಲು ಹೋಗಿದ್ದ ಮೆಕೇ-ಬೆನೆಟ್ ಎಂಬ ಹಡಗು ಕೆನಡಾದೇಶದ ಹ್ಯಾಲಿಫ್ಯಾಕ್ಸ್ ಬಂದರಿಗೆ ಮರಳಿ ಬಂದುದು ಅದೇ ಏಪ್ರಿಲ್ 30ರಂದು. ಅದು ದಡಕ್ಕೆ ತಂದ 190 ಶವಗಳಲ್ಲಿ ಜಾನ್ ಹ್ಯೂಮನದೂ ಒಂದು. ಆ ಶವಕ್ಕೆ ಹಾಕಿದ್ದ ಅಂಕೆ 193. ಮೇ 8ರಂದು ಅಲ್ಲಿಯ ಫೇರ್‌ವ್ಯೂ ಸ್ಮಶಾನದಲ್ಲಿ ಅವನನ್ನು ಹೂಳಿದರು. ಸಾಗರದ ಆಚೆಯ ದಡದಲ್ಲಿ ಅಪರಿಚಿತರು ಅವನ ದೇಹವನ್ನು ಮರ್ಯಾದೆಯಿಂದ ಇಳಿಸುತ್ತಿದ್ದ ದಿನವೇ ಈಚೆಯ ದಡದಲ್ಲಿ ಅವನ ಧಣಿಗಳು ಅವನ ಗುಂಡಿಗಳನ್ನು ಎಣಿಸುತ್ತಿದ್ದರು.

ಆಂಡ್ರೂ ಹ್ಯೂಮನು ಹಣ ಕಳುಹಿಸಲಿಲ್ಲ. ಪತ್ರವನ್ನು ವಾದ್ಯಗಾರರ ಸಂಘಕ್ಕೆ ಕೊಟ್ಟನು. ಸಂಘದವರು ಅದನ್ನು ತಮ್ಮ ಪತ್ರಿಕೆಯಲ್ಲಿ ಇದ್ದುದು ಇದ್ದ ಹಾಗೆ ಅಚ್ಚು ಹಾಕಿಸಿದರು. ಹೀಗೆ ಆ ಲೆಕ್ಕ ಲೋಕಕ್ಕೆ ತಿಳಿಯಿತು. ಸತ್ತವರ ಕುಟುಂಬಗಳು 1906ರ ಕಾರ್ಮಿಕ ಪರಿಹಾರ ಶಾಸನದ ಆಶ್ರಯವನ್ನು ಬೇಡಿದಾಗ, ನೌಕಾಸಂಸ್ಥೆಯವರು ಇವರು ತಮ್ಮ ಸೇವಕರಲ್ಲವೆಂದು ಕೈತೊಳೆದುಕೊಂಡರು. ದಲ್ಲಾಳಿಗಳ ಕಡೆಯಿಂದಲೂ ಪರಿಹಾರ ಹೊರಡಲಿಲ್ಲ. ವಾದ್ಯಗಾರರು ಶಾಸನದ ಅರ್ಥದಲ್ಲಿ ಕಾರ್ಮಿಕರಾಗುವುದಿಲ್ಲವೆಂದು ನ್ಯಾಯಾಲಯವೂ ತೀರ್ಮಾನಿಸಿತು. ಕಡೆಗೆ ಅವರಿಗೆ ದೊರೆತ ನೆರವು ಸಾರ್ವಜನಿಕರು ಕೂಡಿಸಿದ 4 ಲಕ್ಷ ಪೌಂಡಿಗೂ ಮಿಕ್ಕ ಪರಿಹಾರನಿಧಿಯಿಂದ ಬಂದುದು. ಋಣವಾಗಿ ಸಲ್ಲಬೇಕಾಗಿದ್ದುದು ದಾನವಾಗಿ ಬಂದಿತು. ಋಣವನ್ನು ಪಡೆಯುವವನು ತಲೆಯೆತ್ತಿ ನಿಲ್ಲಬಹುದು. ದಾನವನ್ನು ಪಡೆಯುವವನು ಕೈಯೊಡ್ಡಬೇಕು.

ಈ ವಿಷಯದಲ್ಲಿ ನಾಲ್ಕು ಪೂರ್ವಪಕ್ಷಗಳು ಕೇಳಿಬರುತ್ತವೆ. ಅವುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಯುಕ್ತ.

ಮೊದಲನೆಯದು ಬಲು ಪವಿತ್ರವಾದ ವೇಷದಲ್ಲಿ ಬರುವುದು. ಕರ್ತವ್ಯವೆಂಬುದು ಫಲಾಪೇಕ್ಷೆಯಿಲ್ಲದೆ ಮಾಡತಕ್ಕದ್ದು. ಆ ವಾದ್ಯಗಾರರು ನಿಷ್ಕಾಮಕರ್ಮಿಗಳು. ಅವರ ತ್ಯಾಗವನ್ನು ಷಿಲಿಂಗು ಪೆನ್ನಿಗಳಲ್ಲಿ ಅಳೆಯುವುದು ಅದಕ್ಕೆ ಕಳಂಕ ತರುವುದು ಎಂದು. ಭಗವದ್ಗೀತೆಯ ಹೆಸರನ್ನು ಹಿಡಿದು ಹೀಗೆ ವಾದಿಸುವವರು ಉಪದೇಶ ಯಾರಿಗೆ ಎಂಬುದನ್ನು ಮರೆತಿದ್ದಾರೆ. ಫಲತ್ಯಾಗದ ಉಪದೇಶ ಕರ್ಮವನ್ನು ಮಾಡುವವನಿಗೆ. ಅವನ ಕರ್ಮದಿಂದ ಪ್ರಯೋಜನ ಪಡೆದವನಿಗಲ್ಲ. ಕೂಲಿಯವನು ಕೂಲಿಯನ್ನು ಬೇಡೆನ್ನುವುದು ಅವನ ಹಿರಿಮೆ. ಅವನು ನಿಷ್ಕಾಮಿಯಾಗಲೆಂದು ಒಡೆಯನೇ ಕೂಲಿಯನ್ನು ತಡೆಹಿಡಿಯುವುದು ಕಳ್ಳತನ. ಫಲಾಸಕ್ತಿಯನ್ನು ಬಿಡೆಂದು ಬೋಧಿಸುವ ಗೀತೆಯೇ ಹದಿನೇಳನೆಯ ಅಧ್ಯಾಯದಲ್ಲಿ ದಕ್ಷಿಣೆಯಿಲ್ಲದ ಯಜ್ಞವನ್ನು ತಾಮಸಗಳಲ್ಲಿ ಎಣಿಸಿದೆ. ಇವೆರಡರಲ್ಲಿ ವಿರೋಧವಿಲ್ಲ. ಒಂದು ವಾಕ್ಯ ಕರ್ತನನ್ನು ಕುರಿತದ್ದು, ಮತ್ತೊಂದು ಯಜಮಾನನನ್ನು ಕುರಿತದ್ದು.

ರಘುವಂಶದ ಐದನೆಯ ಸರ್ಗವನ್ನು ಓದಿದವರಿಗೆ ಕೌತ್ಸನ ಕಥೆ ನೆನಪಿರಬಹುದು. ವಿದ್ಯೆ ಮುಗಿದ ಮೇಲೆ ಶಿಷ್ಯನು ದಕ್ಷಿಣೆಯ ಮಾತೆತ್ತಲು, ಗುರುವಾದ ವರತಂತು ನಿನ್ನ ಶುಶ್ರೂಷೆಯೇ ಸಾಕೆಂದನು. ಶಿಷ್ಯನು ಅಷ್ಟಕ್ಕೆ ತನ್ನ ಋಣ ತೀರಿತೆಂದು ಹೊರಟುಹೋಗಲಿಲ್ಲ. ಮತ್ತೆ ಮತ್ತೆ ಕೇಳಿದನು. ಗುರು ಕೋಪಗೊಂಡು ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ತರಹೇಳಿದಾಗ, ಸರ್ವಸ್ವವನ್ನೂ ದಾನಮಾಡಿ ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯ ತಂದ ರಘುವಿನ ಬಾಗಿಲಿಗೆ ಬಂದನು. ರಾಜನು ಬಂದ ಧನವನ್ನೆಲ್ಲ ಕೊಡುತ್ತೇನೆನ್ನುವನು. ಕೌತ್ಸನು ಗುರುವಿಗೆ ಸಲ್ಲತಕ್ಕಷ್ಟನ್ನು ಮೀರಿ ಮುಟ್ಟೆನೆನ್ನುವನು. ಸಾಕೇತದ ಜನ ಇಬ್ಬರನ್ನೂ ಕೊಂಡಾಡಿದರು. ಗುರು ಬೇಡವೆಂದುದು ಗುರುವಿನ ಧರ್ಮ. ಕೊಡುತ್ತೇನೆಂದುದು ಶಿಷ್ಯನ ಧರ್ಮ. ಲಿವರ್‌ಪೂಲಿನ ದಲ್ಲಾಳಿಗಳು ಗುರುವಿನ ಮಾತನ್ನು ಶಿಷ್ಯನ ಬಾಯಲ್ಲಿ ಹಾಕಿದರು. ಈಗಿನ ಉಪನ್ಯಾಸಕರೂ ಅರಿಯದೆ ಅದನ್ನೇ ಮಾಡುತ್ತಿದ್ದಾರೆ.

ಎರಡನೆಯ ಪೂರ್ವಪಕ್ಷ ಶಾಸನಜ್ಞರದು. ಒಪ್ಪಂದದಲ್ಲಿ ಇದ್ದಂತೆ ನಡೆದುಕೊಂಡಿದ್ದಾರೆ. ನೌಕೆ ನಷ್ಟವಾದರೆ ಸಂಬಳ ನಿಲ್ಲುವುದು ಆ ಕಾಲದ ವಿಧಿ. ಉಡುಪಿನ ವೆಚ್ಚ ವಾದ್ಯಗಾರನದೆಂಬುದು ಮೊದಲೇ ಗೊತ್ತಿದ್ದ ನಿಯಮ. ಇದರಲ್ಲಿ ದೋಷವೇನು ಎಂದು ಅವರು ಕೇಳುವರು. ಇದಕ್ಕೆ ಉತ್ತರ ಹಡಗಿನ ಮೇಲೆಯೇ ಇದ್ದಿತು. ಬ್ರಿಟಿಷ್ ಸರ್ಕಾರದ ಆಗಿನ ನಿಯಮದಂತೆ 10,000 ಟನ್ನಿಗೆ ಮೇಲ್ಪಟ್ಟ ಹಡಗಿಗೆ 16 ದೋಣಿಗಳಿದ್ದರೆ ಸಾಕಾಗಿದ್ದಿತು. 46,000 ಟನ್ನಿಗೂ ಮಿಕ್ಕ ಟೈಟಾನಿಕ್ 20 ದೋಣಿಗಳನ್ನು ಹೊತ್ತು, ವಿಧಿಗಿಂತ ನಾಲ್ಕು ಹೆಚ್ಚೇ ಇಟ್ಟುಕೊಂಡು, ಸಾವಿರಕ್ಕೂ ಮಿಕ್ಕ ಜನಕ್ಕೆ ಸ್ಥಳವಿಲ್ಲದೆ ಹೊರಟಿದ್ದಿತು. ವಿಧಿಯೆಲ್ಲ ತೃಪ್ತವಾಗಿದ್ದಿತು, ಜನ ಸತ್ತರು. ಶಾಸನವು ಮನುಷ್ಯನು ಇದಕ್ಕಿಂತ ಕೆಳಗಿಳಿಯಬಾರದೆಂಬ ಗೆರೆಯನ್ನು ಮಾತ್ರ ಎಳೆಯುವುದು. ಆ ಗೆರೆಯ ಮೇಲೆ ನಿಂತು ಅದೇ ಶಿಖರವೆಂದು ಹೇಳಿಕೊಳ್ಳುವವರಿಗೆ, ಗೆರೆಯನ್ನು ಎಷ್ಟೋ ಮೀರಿ ನಡೆದ ಎಂಟು ಮಂದಿಯನ್ನು ಹೊಗಳುವ ಅಧಿಕಾರವಿಲ್ಲ. ಕಡೆಯ ಗಳಿಗೆಯವರೆಗೆ ನುಡಿಸಬೇಕೆಂದು ವಾದ್ಯಗಾರರ ಒಪ್ಪಂದದಲ್ಲಿಯೂ ಬರೆದಿರಲಿಲ್ಲವಷ್ಟೆ!

ಮೂರನೆಯದು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಬರ್ನಾರ್ಡ್ ಷಾ ಎಂಬ ಪ್ರಸಿದ್ಧ ನಾಟಕಕಾರನು 1912ರ ಮೇ ತಿಂಗಳಲ್ಲಿ ಲಂಡನ್ನಿನ ಡೈಲಿ ನ್ಯೂಸ್ ಪತ್ರಿಕೆಯಲ್ಲಿ ಒಂದು ಖಂಡನಲೇಖನವನ್ನು ಬರೆದನು. ದುರಂತದ ಸುತ್ತ ಹೆಣೆಯಲಾಗುತ್ತಿದ್ದ ವೀರಕಥೆಗಳೆಲ್ಲ ನಿಜವಾದ ತಪ್ಪುಗಳನ್ನು ಮುಚ್ಚುವ ಬಣ್ಣವೆಂಬುದು ಅವನ ವಾದ. ಹಡಗು ಮುಳುಗುತ್ತಿರುವುದನ್ನು ಅಧಿಕಾರಿಗಳು ಪ್ರಯಾಣಿಕರಿಗೆ ತಿಳಿಸಲಂಜಿದರು. ಜನರ ಧೈರ್ಯ ಕೆಡದಿರಲೆಂದು ವಾದ್ಯ ನುಡಿಸಲ್ಪಟ್ಟಿತು. ಅದರಿಂದಲೇ ಅನೇಕರು ದೋಣಿಗೆ ಇಳಿಯದೆ ಉಳಿದರು ಎಂದು ಅವನು ಹೇಳಿದನು. ಆರ್ಥರ್ ಕಾನನ್ ಡಾಯ್ಲ್ ಇದಕ್ಕೆ ಕುಪಿತನಾಗಿ ಉತ್ತರ ಕೊಟ್ಟನು; ವಾದ ಪ್ರತಿವಾದಗಳು ನಡೆದುವು. ಷಾ ಹೇಳಿದುದರಲ್ಲಿ ಒಂದಂಶವನ್ನು ಅಂಗೀಕರಿಸಲೇಬೇಕು: ಪ್ರಶಂಸೆಯ ಗದ್ದಲದಲ್ಲಿ ಹೊಣೆಗಾರರು ಅಡಗಿಕೊಳ್ಳುವರು. ಆದರೆ ವಾದ್ಯಗಾರರ ಪುಣ್ಯ ಇದರಿಂದ ಕುಗ್ಗುವುದಿಲ್ಲ. ದೋಣಿಗಳ ಸಂಖ್ಯೆಯನ್ನು ನಿಶ್ಚಯಿಸಿದವರು ಅವರಲ್ಲ. ವೇಗವನ್ನು ನಿಶ್ಚಯಿಸಿದವರೂ ಅವರಲ್ಲ. ತಮಗೆ ಬಂದ ಒಂದು ಕೆಲಸವನ್ನು, ತಮಗೆ ತಿಳಿದಷ್ಟರ ಮಟ್ಟಿಗೆ, ಪ್ರಾಣಾಂತ್ಯದವರೆಗೆ ಮಾಡಿದರು. ಮೇಲಿನವರ ಕರ್ತವ್ಯಲೋಪವನ್ನು ಕೆಳಗಿನವರ ಕರ್ತವ್ಯಪಾಲನೆಯ ಮೇಲೆ ಹೊರಿಸುವುದು ತರ್ಕವಲ್ಲ. ಷಾ ಬಣ್ಣವನ್ನು ಕೆರೆದುದು ಸರಿ; ಕೆರೆಯುವಾಗ ಅದರ ಕೆಳಗಿದ್ದ ಹೊನ್ನನ್ನೂ ತುಸು ಕೆರೆದನು.

ನಾಲ್ಕನೆಯ ಆಕ್ಷೇಪ ಕುಟುಂಬದ ಮೇಲೆಯೇ ಬರುವುದು. ಜಾನ್ ಹ್ಯೂಮನಿಗೆ ಮದುವೆ ನಿಶ್ಚಯವಾಗಿದ್ದಿತು. ಮೇರಿ ಕಾಸ್ಟಿನ್ ಎಂಬ ಆ ಕನ್ಯೆ ಅವನು ಸತ್ತಾಗ ಗರ್ಭಿಣಿಯಾಗಿದ್ದಳು. ಅಕ್ಟೋಬರ್ ತಿಂಗಳಲ್ಲಿ ಅವಳಿಗೆ ಹೆಣ್ಣುಮಗು ಹುಟ್ಟಿತು. ಮಗನ ಗುಂಡಿಯ ಲೆಕ್ಕವನ್ನು ಕಂಡು ನೊಂದ ಆಂಡ್ರೂ ಹ್ಯೂಮನು, ಮಗನ ಮಗುವನ್ನು ಮಾತ್ರ ತನ್ನ ಮೊಮ್ಮಗಳೆಂದು ಒಪ್ಪಲಿಲ್ಲ. ತಾಯಿ ನ್ಯಾಯಾಲಯದ ಮೆಟ್ಟಿಲೇರಿ ಮಗುವಿನ ಪಿತೃತ್ವವನ್ನು ಸಾಧಿಸಬೇಕಾಯಿತು. ಆ ಮಗುವಿನ ಮಗನಾದ ಕ್ರಿಸ್ಟೊಫರ್ ವಾರ್ಡ್ 2011ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಇಂಥ ತಂದೆಗಾಗಿ ಮರುಗುವುದೇಕೆ ಎಂದು ಆಕ್ಷೇಪಿಸುವರು.

ಆಕ್ಷೇಪದಲ್ಲಿ ಸತ್ಯವಿದೆ, ಅದರಿಂದ ತೆಗೆದ ನಿಗಮನ ಮಾತ್ರ ತಪ್ಪು. ಸಾಲ ಕೊಟ್ಟವನು ಸದ್ಗುಣಿಯಾಗಿದ್ದರೆ ಮಾತ್ರ ಸಾಲ ತೀರಿಸತಕ್ಕದ್ದೆಂದು ಯಾವ ಧರ್ಮಶಾಸ್ತ್ರವೂ ಹೇಳಿಲ್ಲ. ತಂದೆಯ ದೋಷ ದಲ್ಲಾಳಿಗಳ ದೋಷವನ್ನು ಕಳೆಯುವುದಿಲ್ಲ. ದಲ್ಲಾಳಿಗಳ ದೋಷ ತಂದೆಯ ದೋಷವನ್ನೂ ಕಳೆಯುವುದಿಲ್ಲ. ವಾಸ್ತವವಾಗಿ ಈ ಕುಟುಂಬದ ಕಥೆ ಲೇಖನದ ಸಿದ್ಧಾಂತವನ್ನೇ ದೃಢಪಡಿಸುತ್ತದೆ. ಊರ ಉದ್ಯಾನದಲ್ಲಿ ಮಗನ ಕೀರ್ತಿಸ್ತಂಭ ಎದ್ದಿದೆ. ಅದೇ ಊರಿನಲ್ಲಿ ಆ ಕೀರ್ತಿವಂತನ ಮಗು ಅಜ್ಜನ ಮನೆಯ ಬಾಗಿಲ ಹೊರಗಿದೆ. ಕಲ್ಲನ್ನು ಗೌರವಿಸುವುದು ಸುಲಭ. ತೊಟ್ಟಿಲನ್ನು ಗೌರವಿಸುವುದು ಕಷ್ಟ. ಸತ್ತವನ ಕರ್ತವ್ಯ ಮುಗಿದಿದ್ದಿತು. ಉಳಿದವರ ಕರ್ತವ್ಯ ಆಗಷ್ಟೇ ಆರಂಭವಾಗಿದ್ದಿತು. ಅದನ್ನು ಧಣಿಗಳೂ ಮಾಡಲಿಲ್ಲ, ತಂದೆಯೂ ಮಾಡಲಿಲ್ಲ. ಮಾಡಿದವಳು ಆ ಹುಡುಗಿಯೊಬ್ಬಳು. ಅವಳ ಹೆಸರನ್ನು ಯಾವ ಉಪನ್ಯಾಸಕರೂ ಹೇಳುವುದಿಲ್ಲ.

ಇನ್ನೊಂದು ಅಂಕಿಯನ್ನು ಕೊಟ್ಟು ಮುಗಿಸಬಹುದು. ನಾಯಕನಾದ ಹಾರ್ಟ್ಲಿಯದೆಂದು ನಿರ್ಣಯಿಸಲ್ಪಟ್ಟ ಪಿಟೀಲು 2013ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಡಿವೈಜಸ್ ಎಂಬ ಊರಿನಲ್ಲಿ ಹರಾಜಾಯಿತು. ಕೂಗಿದ ಬೆಲೆ 9 ಲಕ್ಷ ಪೌಂಡು. ನೀರುಂಡು ಬಿರಿದು ನುಡಿಸಲಾಗದೆ ಹೋದ ಮರಕ್ಕೆ 9 ಲಕ್ಷ. ಅಂಥದೇ ಒಂದು ಪಿಟೀಲನ್ನು ಅವನ ಪಕ್ಕದಲ್ಲಿ ನಿಂತು ನುಡಿಸಿದ ತರುಣನ ತಂದೆಗೆ ಅಂದು ಕೊಟ್ಟುದು 14 ಷಿಲಿಂಗು 7 ಪೆನ್ನಿಗಳ ಲೆಕ್ಕ. ಕಾಲದಲ್ಲಿ ನೂರೊಂದು ವರ್ಷಗಳ ಅಂತರವಿದೆ, ಹಣದ ಬೆಲೆಯೂ ಬದಲಾಗಿದೆ ಎಂಬುದು ನಿಜ. ಆದರೂ ಲೋಕವು ಕರ್ತವ್ಯದ ಸ್ಮಾರಕವಸ್ತುವಿಗೆ ಸಂತೋಷದಿಂದ ತೆರುವ ಬೆಲೆಯನ್ನು ಕರ್ತವ್ಯವನ್ನು ಮಾಡಿದವನ ಮನೆಗೆ ತೆರಲು ಹಿಂದೆಗೆಯುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕಲಾರದು.

ಆದುದರಿಂದ ಕರ್ತವ್ಯವನ್ನು ಕುರಿತು ಮಕ್ಕಳಿಗೆ ಹೇಳುವವರಲ್ಲಿ ವಿಜ್ಞಾಪನೆ ಇಷ್ಟೆ. ಟೈಟಾನಿಕ್ ವಾದ್ಯಗಾರರ ಕಥೆಯನ್ನು ಅವಶ್ಯವಾಗಿ ಹೇಳಲಿ. ಅದು ಹೇಳತಕ್ಕ ಕಥೆಯೇ ಸರಿ. ಆದರೆ ನೀರು ಮುಚ್ಚಿದಲ್ಲಿಗೆ ನಿಲ್ಲಿಸದಿರಲಿ. ಗುಂಡಿಗಳ ಲೆಕ್ಕವನ್ನೂ, ನ್ಯಾಯಾಲಯದ ತೀರ್ಪನ್ನೂ, ಹೊರಗೆ ಉಳಿದ ಮಗುವನ್ನೂ ಕೂಡಿಸಿ ಹೇಳಲಿ. ಅದನ್ನು ಕೇಳಿದ ಮಗು ಮುಂದೆ ವಾದ್ಯಗಾರನಾದರೆ ನಿಂತು ನುಡಿಸುವುದನ್ನು ಕಲಿಯುವುದು. ಅದು ಧಣಿಯಾಗುವ ಸಂಭವವೂ ಉಂಟು. ಆಗ ತೆರಬೇಕಾದುದನ್ನು ತೆರುವುದೂ ಕರ್ತವ್ಯವೆಂಬ ಪಾಠ ಅದಕ್ಕೆ ಮೊದಲೇ ದೊರೆತಿರಬೇಕು. ಚಪ್ಪಾಳೆ ತಟ್ಟುವ ಸಭಿಕರೂ ಸಭೆ ಮುಗಿದ ಮೇಲೆ ಮನೆಗೆ ಹೋಗುವ ದಾರಿಯಲ್ಲಿ, ತಮ್ಮ ಪ್ರಯೋಜನಕ್ಕಾಗಿ ದುಡಿದ ಯಾರ ಲೆಕ್ಕ ತಮ್ಮ ಮನೆಯಲ್ಲಿ ಬಾಕಿ ನಿಂತಿದೆಯೆಂಬುದನ್ನು ಒಮ್ಮೆ ಎಣಿಸಿ ನೋಡಿಕೊಳ್ಳುವುದು ಒಳ್ಳೆಯದು.